ಎರಡು ದಿನ, ಏಳು ಸ್ಥಳ

ಈಚೆಗೆ ನಮ್ಮಂಥ ಸಣ್ಣ ಊರುಗಳಿಂದಲೂ ‘ಸಕುಟುಂಬ ಪ್ರಕೃತಿ ಪ್ರವಾಸ’ಗಳು ಹೊರಡುತ್ತಿವೆ. ಒಳ್ಳೆಯದೇ. ಮದುವೆ, ಬಾಣಂತನ, ತೀರ್ಥಯಾತ್ರೆ ಇವಲ್ಲದೆ ಬೇರೆ ಕಾರಣಕ್ಕೆ ಮನೆ ಬಿಡುವುದು ನಮ್ಮ ಹೆಂಗಸರಿಗೆ ಇನ್ನೂ ಸುಲಭವಾಗಿಲ್ಲ. ಮಕ್ಕಳು, ಅತ್ತೆ, ಮಾವ ಎಲ್ಲರೂ ಕೂಡಿ ಹೋಗಬಹುದಾದ ಈ ಪ್ರವಾಸಗಳನ್ನು ನಾನು ಹಳಿಯಲಾರೆ. ಆದರೆ ಅವುಗಳ ಕಾರ್ಯಕ್ರಮಪಟ್ಟಿ ಕೈಗೆ ಬಂದಾಗ ನನ್ನ ಕೆಂಪು ಪೆನ್ನು ಸುಮ್ಮನಿರುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ನಾನು ಹೋದ ತಂಡದ ಪಟ್ಟಿ ಹೀಗಿತ್ತು: ಬನವಾಸಿ, ಸೋದೆ, ಸಹಸ್ರಲಿಂಗ, ಯಾಣ, ಉಂಚಳ್ಳಿ, ಮಾಗೋಡು, ಜೋಗ. ಎಲ್ಲವೂ ಎರಡೇ ದಿನದಲ್ಲಿ! ಇಳಿಯುವುದು, ಫೋಟೋ ತೆಗೆಸಿಕೊಳ್ಳುವುದು, ಹತ್ತುವುದು. ಬನವಾಸಿಯಲ್ಲಿ ಮಧುಕೇಶ್ವರನಿಗೆ ಕೈಮುಗಿದದ್ದಾಯಿತು. ಕದಂಬರು ಅಲ್ಲಿಯೇ ಏಕೆ ರಾಜಧಾನಿ ಕಟ್ಟಿಕೊಂಡರೆಂದು ಊರನ್ನು ಬಳಸಿ ಹರಿಯುವ ವರದಾ ನದಿಯೇ ಹೇಳುತ್ತಿತ್ತು. ಅದನ್ನು ನೋಡಲು ಮಾತ್ರ ವೇಳೆಯಿರಲಿಲ್ಲ.

ಸಹಸ್ರಲಿಂಗದ ವಿಷಯ ಇನ್ನೂ ವಿಚಿತ್ರ. ಶಾಲ್ಮಲೆಯ ಬಂಡೆಗಳ ಮೇಲೆ ಕೆತ್ತಿದ ಲಿಂಗಗಳು ಹೊಳೆಯ ನೀರು ಇಳಿದ ಮೇಲೆಯೇ ಚೆನ್ನಾಗಿ ಕಾಣುವುದು. ಜಲಪಾತಗಳಿಗಾದರೋ ತುಂಬಿದ ಹೊಳೆ ಬೇಕು. ಎರಡನ್ನೂ ಒಂದೇ ಬಸ್ಸಿಗೆ ಕಟ್ಟಿದರೆ ಯಾವುದೋ ಒಂದು ಅರೆಬರೆಯಾಗಲೇಬೇಕು. ಪ್ರಕೃತಿಯನ್ನು ತೋರಿಸುತ್ತೇವೆನ್ನುವವರು ಮೊದಲು ಋತುಗಳನ್ನು ಕೇಳಬೇಡವೇ?

ಪಟ್ಟಿಯಲ್ಲಿ ಇಲ್ಲದ್ದೂ ಒಂದಿದೆ. 1983ರ ಸೆಪ್ಟೆಂಬರಿನಲ್ಲಿ ಇದೇ ಶಿರಸಿ ತಾಲ್ಲೂಕಿನ ಸಲ್ಕಣಿ ಸುತ್ತಿನ ಹಳ್ಳಿಯವರು, ಹೆಂಗಸರೂ ಸೇರಿ, ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅದೇ ಸೀಮೆಯಲ್ಲಿ ಎರಡು ದಿನ ಓಡಾಡಿದ ನಮ್ಮ ಮಕ್ಕಳ ಕಿವಿಗೆ ಆ ಹೆಸರು ಬೀಳಲಿಲ್ಲ. ಸಂಸ್ಕೃತಿಯೆಂದರೆ ಗುಡಿಯ ಕಲ್ಲು ಮಾತ್ರವೇ?

ಇನ್ನು ‘ಸಕುಟುಂಬ’ ಎಂಬ ಮಾತು. ಬಸ್ಸಿನಲ್ಲಿ ಮಾತ್ರೆಯ ಡಬ್ಬಿ, ಮಕ್ಕಳ ಬಟ್ಟೆ, ಚಕ್ಕುಲಿಯ ಪೊಟ್ಟಣ ಎಲ್ಲ ಯಾರ ಮಡಿಲಲ್ಲಿದ್ದವೆಂದು ನಿಮಗೆ ಹೇಳಬೇಕಾಗಿಲ್ಲ. ಶೌಚಾಲಯ ಎಲ್ಲಿ ಸಿಗುತ್ತದೆಂಬುದು ಪಟ್ಟಿಯಲ್ಲಿರಲಿಲ್ಲ. ಆದ್ದರಿಂದ ಹೆಂಗಸರು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಾಯಾರಿ, ತಲೆ ಸಿಡಿಯುತ್ತಿರುವವಳಿಗೆ ಯಾಣದ ಕರಿಬಂಡೆಯಾದರೇನು, ಜೋಗವಾದರೇನು? ಮೊಣಕಾಲು ನೋವಿನ ಅಜ್ಜಿಯರು ಬಸ್ಸಿನಲ್ಲೇ ಕುಳಿತು ಸಾಮಾನು ಕಾದರು.

ಎರಡನೆಯ ದಿನ ನಾವು ಊಟಕ್ಕೆ ನಿಂತ ಮನೆಯ ಯಜಮಾನಿ ಒಂದೆಲಗದ ತಂಬುಳಿ ಬಡಿಸಿದರು. ಎಲೆ ಯಾವುದೆಂದು ಕೇಳಿದ ಹುಡುಗಿಯನ್ನು ಹಿತ್ತಿಲಿಗೆ ಕರೆದೊಯ್ದು, ಬಚ್ಚಲ ನೀರು ಹರಿಯುವಲ್ಲಿ ಹಬ್ಬಿದ ಬಳ್ಳಿಯನ್ನು ತೋರಿಸಿದರು. ಇನ್ನೂ ನಾಲ್ಕು ಸೊಪ್ಪುಗಳ ಹೆಸರು ಹೇಳುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. ಆ ಹಿತ್ತಿಲಿನಲ್ಲಿ ಒಂದು ಗಂಟೆ ಸಿಕ್ಕಿದ್ದರೆ ಎರಡು ಜಲಪಾತ ತಪ್ಪಿದರೂ ನಷ್ಟವಿರಲಿಲ್ಲ.

ಮುಂದಿನ ರಜೆಗೆ ನಿಮ್ಮ ಮನೆಗೂ ಇಂಥ ಕರಪತ್ರ ಬಂದೀತು. ಹಣ ಕಟ್ಟುವ ಮೊದಲು ಕೇಳಿ: ದಿನಕ್ಕೆ ಎಷ್ಟು ಸ್ಥಳ? ಜೊತೆಗೆ ಬಂದು ವಿವರಿಸುವ ಆ ಊರಿನವರು ಯಾರು? ಹೆಂಗಸರಿಗೆ, ಮುದುಕರಿಗೆ ಏನು ಅನುಕೂಲ? ಉತ್ತರ ತಡವರಿಸಿದರೆ ನೆರೆಹೊರೆಯ ನಾಲ್ಕು ಮನೆಯವರು ಸೇರಿ ನೀವೇ ಒಂದು ವ್ಯಾನ್ ಗೊತ್ತುಮಾಡಿಕೊಳ್ಳಿ. ಒಂದೇ ಊರಿಗೆ ಹೋಗಿ, ಎರಡು ದಿನ ಅಲ್ಲಿಯೇ ಇದ್ದು ಬನ್ನಿ.