ಮರದ ಹಳಿ ಏರುವ ಮುನ್ನ

ಮರದ ರೋಲರ್ ಕೋಸ್ಟರ್ ನೋಡಲು ಮೊದಲ ಸಲ ಹೋದವರು ಓಡಿಹೋಗಿ ಸರದಿಯಲ್ಲಿ ನಿಲ್ಲಬೇಡಿ. ಹತ್ತು ನಿಮಿಷ ಅದರ ಬುಡದಲ್ಲಿ ನಿಂತುಕೊಳ್ಳಿ. ಗಾಡಿ ಮೇಲಿನಿಂದ ಧುಮುಕಿ ಬರುವಾಗ ಇಡೀ ಹಂದರ ತೂಗುವುದು ಬರಿಗಣ್ಣಿಗೇ ಕಾಣುತ್ತದೆ. ಹೆದರಬೇಕಾಗಿಲ್ಲ, ತೂಗಲೆಂದೇ ಅದನ್ನು ಕಟ್ಟಿರುತ್ತಾರೆ. ಆಮೇಲೆ ಹಳಿಯ ಹಲಗೆಗಳ ಬಣ್ಣ ನೋಡಿ. ಬಿಸಿಲು ಮಳೆಗೆ ಮಾಗಿದ ಮರ ಬೂದು ಬಣ್ಣಕ್ಕೆ ತಿರುಗಿರುತ್ತದೆ. ನಡುವೆ ಅಲ್ಲಲ್ಲಿ ಹಳದಿ ಹಲಗೆಗಳು ಎದ್ದು ಕಂಡರೆ ಅಲ್ಲಿ ಈಚೆಗೆ ಬಡಗಿಯ ಕೈ ಆಡಿದೆ ಎಂದರ್ಥ. ನಾನಂತೂ ಹೊಸ ಪಾರ್ಕಿಗೆ ಹೋದಾಗ ಮೊದಲು ಹುಡುಕುವುದು ಈ ಹಳದಿಯನ್ನೇ.

ಹಂದರ ಮರದ್ದಾದರೆ ಮಾತ್ರ ಮರದ ಕೋಸ್ಟರ್ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1927ರಿಂದ ನಿಂತಿರುವ ಸೈಕ್ಲೋನ್‌ನ ಕಂಬಗಳು ಉಕ್ಕಿನವು. ಲೆಕ್ಕಕ್ಕೆ ಬರುವುದು ಹಳಿ. ಆ ಹಳಿಯನ್ನು ಅಡ್ಡ ಕೊಯ್ದು ನೋಡಿದರೆ ಪೈನ್ ಹಲಗೆಗಳು ಏಳೆಂಟು ಪದರ ಒಂದರ ಮೇಲೊಂದು ಕೂತಿರುತ್ತವೆ. ಪ್ರತಿ ಪದರವನ್ನೂ ಜಾಗದಲ್ಲೇ ಬಾಗಿಸಿ, ಮೊಳೆ ಹೊಡೆದು, ಬೋಲ್ಟು ಬಿಗಿದು ಕೂರಿಸುತ್ತಾರೆ. ಮೇಲೆ ಒಂದು ಉಕ್ಕಿನ ಪಟ್ಟಿ. ಗಾಲಿ ಉರುಳುವುದು ಆ ಪಟ್ಟಿಯ ಮೇಲೆ. ಪಕ್ಕದಲ್ಲಿ ಇನ್ನೊಂದು ಗಾಲಿ, ಹಳಿಯ ಅಡಿಯಲ್ಲಿ ಮತ್ತೊಂದು. ಅಡಿಯ ಗಾಲಿಗೆ ಕೋಸ್ಟರ್ ವಿನ್ಯಾಸಕ ಜಾನ್ ಮಿಲ್ಲರ್ ಪೇಟೆಂಟ್ ಪಡೆದದ್ದು 1919ರಲ್ಲಿ. ಗಾಡಿ ಹಳಿ ಬಿಟ್ಟು ಹಾರದಂತೆ ಹಿಡಿದಿಡುವುದು ಅದೇ. ಅದು ಬಂದ ಮೇಲೆಯೇ ಕಡಿದಾದ ಇಳಿಜಾರುಗಳಿಗೆ ಧೈರ್ಯ ಬಂತು.

ಮಲೆನಾಡಿನ ಮನೆಯ ಬಾಗಿಲು ಆಷಾಢದಲ್ಲಿ ಬಿಗಿದುಕೊಂಡು ಬೇಸಿಗೆಯಲ್ಲಿ ಸಡಿಲವಾಗುವುದು ನಮಗೆಲ್ಲ ಗೊತ್ತು. ಈ ಹಳಿಗೂ ಅದೇ ಪಾಡು, ಮೇಲಿಂದ ಟನ್ನುಗಟ್ಟಲೆ ಭಾರ ಬೇರೆ. ಇಳಿಜಾರಿನ ತಳದಲ್ಲಿ ಗಾಡಿ ಹಳಿಯನ್ನು ಅತಿ ಜೋರಾಗಿ ಒತ್ತುತ್ತದೆ. ಅಲ್ಲಿ ಮರ ಜಜ್ಜಿ, ಮೊಳೆ ಸಡಿಲಾಗಿ, ಪಟ್ಟಿ ಕೂದಲೆಳೆಯಷ್ಟು ತಗ್ಗುತ್ತದೆ. ಮುಂದಿನ ಗಾಡಿ ಆ ತಗ್ಗಿಗೆ ಇನ್ನಷ್ಟು ಬಲವಾಗಿ ಬಡಿಯುತ್ತದೆ, ತಗ್ಗು ಗುಂಡಿಯಾಗುತ್ತದೆ. ದಿನಾ ಬೆಳಿಗ್ಗೆ ಗೇಟು ತೆಗೆಯುವ ಮುನ್ನ ಕೆಲಸಗಾರರು ಹಳಿಯುದ್ದಕ್ಕೂ ನಡೆದು ಕಣ್ಣಾಡಿಸುವುದು, ಚಳಿಗಾಲದಲ್ಲಿ ಪಾರ್ಕು ಮುಚ್ಚಿದಾಗ ನೂರಾರು ಅಡಿ ಹಲಗೆ ಕಿತ್ತು ಹೊಸದು ಹಾಕುವುದು ಇದೇ ಕಾರಣಕ್ಕೆ. ನುಣುಪು ಎಂಬುದು ಕಟ್ಟಿದವರು ಒಮ್ಮೆ ಕೊಟ್ಟು ಹೋಗುವ ವಸ್ತುವಲ್ಲ. ವರ್ಷ ವರ್ಷ ಮಾಡಿಕೊಳ್ಳಬೇಕಾದದ್ದು.

ಹಾಗಾಗಿ ರಸಿಕನಾದವನು ಕುಲುಕಿಗೂ ಬಡಿತಕ್ಕೂ ಇರುವ ವ್ಯತ್ಯಾಸ ಕಲಿಯಬೇಕು. ಕುಲುಕು ಮರದ ಸಹಜ ಗುಣ. ತೊಡೆಯಲ್ಲಿ, ಬೆನ್ನಿನಲ್ಲಿ ಒಂದು ಸಣ್ಣ ಗುನುಗಿನಂತೆ ಹರಿಯುತ್ತದೆ, ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಬಡಿತ ಹಾಗಲ್ಲ. ಒಂದೇ ಜಾಗದಲ್ಲಿ, ಪ್ರತಿ ಸುತ್ತಿನಲ್ಲೂ, ಬೆನ್ನುಹುರಿಗೆ ಸುತ್ತಿಗೆ ಹೊಡೆದಂತೆ ಬರುತ್ತದೆ. ಒಂದು ಪಾರ್ಕಿನಲ್ಲಿ ಅಂಥ ಸವಾರಿ ಮಾಡಿ ನಾನು ಎರಡು ದಿನ ಕತ್ತು ತಿರುಗಿಸಲಾಗದೆ ಕಳೆದಿದ್ದೇನೆ. ಜೊತೆಗೆ ಬಂದ ಗೆಳೆಯ ಮರದ ಕೋಸ್ಟರ್ ಎಂದರೆ ಇಷ್ಟೇ ಎಂದುಕೊಂಡು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವನಿಗೆ ಸಿಕ್ಕಿದ್ದು ಆರೈಕೆಯಿಲ್ಲದ ಹಳಿ. ನನಗೆ ಇಂದಿಗೂ ಬೇಸರದ ಸಂಗತಿ ಅದು.

ಇನ್ನು ಕಟ್ಟುವವರ ವಿಷಯ. ಇಲ್ಲೂ ಸಂಗೀತದಂತೆ ಘರಾನೆಗಳಿವೆ. ಒಹಾಯೋದ ಕಿಂಗ್ಸ್ ಐಲೆಂಡ್ ಪಾರ್ಕು 1979ರಲ್ಲಿ 7,359 ಅಡಿ ಉದ್ದದ ಬೀಸ್ಟ್ ಎಂಬ ಕೋಸ್ಟರನ್ನು ತನ್ನ ಜನರಿಂದಲೇ ಕಟ್ಟಿಸಿತು. ಅವರಲ್ಲೊಬ್ಬ ಚಾರ್ಲ್ಸ್ ಡಿನ್. ಆತ ಮುಂದೆ ಸ್ವಂತ ಕಂಪನಿ ಮಾಡಿ ಟೆಕ್ಸಸ್ ಜೈಂಟ್‌ನಂಥ ದೈತ್ಯಗಳನ್ನು ಎಬ್ಬಿಸಿದ. ಮಗಳು ಡೆನಿಸ್ ಡಿನ್ 1991ರಲ್ಲಿ ಕಸ್ಟಮ್ ಕೋಸ್ಟರ್ಸ್ ಶುರುಮಾಡಿದಳು. ಸಣ್ಣ ಪಾರ್ಕುಗಳ ಕೈಗೆಟಕುವಂಥ ಕೋಸ್ಟರ್‌ಗಳನ್ನು ಒಂದರ ಹಿಂದೊಂದು ಕಟ್ಟಿದ ಆ ಕಂಪನಿ 2002ರಲ್ಲಿ ಮುಳುಗಿತು. ಅಲ್ಲಿಂದ ಹೊರಬಂದ ಎಂಜಿನಿಯರುಗಳ ಸಂಸ್ಥೆಯೇ ಗ್ರಾವಿಟಿ ಗ್ರೂಪ್. ಮುಪ್ಪಾದ ಬೀಸ್ಟ್‌ನ ಹಳಿಯ ದೊಡ್ಡ ಭಾಗವನ್ನು 2022ಕ್ಕೆ ಮೊದಲು ಹೊಸದು ಮಾಡಿಕೊಟ್ಟದ್ದೂ ಅವರೇ. ಮೊಮ್ಮಕ್ಕಳು ಅಜ್ಜನ ಮನೆಯ ಸೂರು ಹೊದಿಸಿದ ಹಾಗೆ!

ಘರಾನೆಗಳ ಗುಣದೋಷ ತಿಳಿಯಲು 2006 ಒಂದೇ ವರ್ಷ ಸಾಕು. ಇಂಡಿಯಾನಾದ ಹಾಲಿಡೇ ವರ್ಲ್ಡ್‌ನಲ್ಲಿ ಗ್ರಾವಿಟಿ ಗ್ರೂಪ್ ವಾಯೇಜ್ ಕಟ್ಟಿತು: 6,442 ಅಡಿ ಉದ್ದ, ಖರ್ಚು ಸುಮಾರು 95 ಲಕ್ಷ ಡಾಲರ್. ಅದೇ ವರ್ಷ ನ್ಯೂಜೆರ್ಸಿಯಲ್ಲಿ ಸ್ವಿಟ್ಜರ್ಲೆಂಡಿನ ಇಂಟಮಿನ್ ಕಂಪನಿ ಎಲ್ ಟೋರೊ ಎಬ್ಬಿಸಿತು: 4,400 ಅಡಿ, ಸುಮಾರು 1.2 ಕೋಟಿ ಡಾಲರ್. ಇಂಟಮಿನ್ ಹಳಿಯನ್ನು ಬಡಗಿಗಳು ಜಾಗದಲ್ಲಿ ಬಾಗಿಸುವುದಿಲ್ಲ. ಪದರಗಳನ್ನು ಅಂಟಿಸಿ, ಕಾರ್ಖಾನೆಯಲ್ಲೇ ಕರಾರುವಾಕ್ಕಾಗಿ ಕೊರೆದು, ತುಂಡು ತುಂಡಾಗಿ ತಂದು ಜೋಡಿಸುತ್ತಾರೆ. ಎಲ್ ಟೋರೊ 76 ಡಿಗ್ರಿ ಇಳಿಜಾರಿನಲ್ಲಿ ಬೀಳುವಾಗ ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿಯುತ್ತದೆ. ವಾಯೇಜ್ ಕಾಡಿನೊಳಗೆ ನುಗ್ಗಿ ಒರಟೊರಟಾಗಿ ಓಡುತ್ತದೆ. ಆ ಪಾರ್ಕು ಚಳಿಗಾಲಗಳಲ್ಲಿ ಅದರ ಹಳಿ ಕೆಲಸ ಹಿಡಿಯುತ್ತಲೇ ಇರಬೇಕು.

ಹಾಗಾದರೆ ದುಬಾರಿಯದೇ ಲಾಭವೇ? ಜರ್ಮನಿಯ ಹೈಡೆ ಪಾರ್ಕಿನಲ್ಲಿ ಇಂಟಮಿನ್ 2001ರಲ್ಲಿ ಕಟ್ಟಿದ ಕೊಲೊಸೊಸ್ 2016ರಲ್ಲಿ ಹಳಿ ಸವೆದು ನಿಂತೇಹೋಯಿತು. ಹಳಿಯನ್ನೆಲ್ಲ ಬದಲಿಸಿ ಮತ್ತೆ ಓಡಿಸುವ ಹೊತ್ತಿಗೆ 2019. ಎಲ್ ಟೋರೊದಲ್ಲೂ 2022ರ ಆಗಸ್ಟಿನಲ್ಲಿ ಸವಾರರಿಗೆ ಪೆಟ್ಟಾಗಿ ಮುಂದಿನ ವರ್ಷದವರೆಗೆ ಬಾಗಿಲು ಹಾಕಬೇಕಾಯಿತು. ಸಾಮಾನ್ಯ ಹಳಿಯಾದರೆ ಬಡಗಿ ನಾಲ್ಕು ಹಲಗೆ ಕಿತ್ತು ನಾಲ್ಕು ಹಾಕುತ್ತಾನೆ. ಕಾರ್ಖಾನೆಯ ಹಳಿಗೆ ಇಡೀ ತುಂಡೇ ಬರಬೇಕು. ಒಂದರಲ್ಲಿ ಕಂತಿನ ಖರ್ಚು, ಇನ್ನೊಂದರಲ್ಲಿ ಇಡಿಗಂಟಿನ ಖರ್ಚು.

ಪೆನ್ಸಿಲ್ವೇನಿಯಾದ ಗ್ರೇಟ್ ಕೋಸ್ಟರ್ಸ್ ಕಂಪನಿ ಹಿಡಿದ ದಾರಿ ನನಗೆ ಹೆಚ್ಚು ಇಷ್ಟ. ಅವರು ಹಳಿಯ ಜೊತೆಗೆ ಗಾಡಿಯನ್ನೂ ತಿದ್ದಿದರು. ಅವರ ಮಿಲೇನಿಯಂ ಫ್ಲೈಯರ್ ಗಾಡಿಯಲ್ಲಿ ಒಂದೊಂದು ಸಾಲು ಸೀಟಿಗೆ ಒಂದೊಂದು ಪುಟ್ಟ ಬೋಗಿ. ಉದ್ದ ಬೋಗಿ ತಿರುವಿನಲ್ಲಿ ಹಳಿಯನ್ನು ಉಜ್ಜಿಕೊಂಡು ಹೋದರೆ ಇದು ಜರಿಹುಳದಂತೆ ಬಾಗಿಕೊಂಡು ಹೋಗುತ್ತದೆ. ಸವಾರನಿಗೂ ಹಿತ, ಮರಕ್ಕೂ ಹಿತ. ಆದರೂ ಹರ್ಷಿಪಾರ್ಕಿನಲ್ಲಿ 1996ರಲ್ಲಿ ಅವರು ಕಟ್ಟಿದ ಮೊದಲ ಕೋಸ್ಟರ್ ವೈಲ್ಡ್‌ಕ್ಯಾಟ್ ಉಳಿಯಲಿಲ್ಲ. ರಾಕಿ ಮೌಂಟನ್ ಕಂಪನಿ ಮರದ ಹಂದರದ ಮೇಲೆ ಉಕ್ಕಿನ ಹಳಿ ಹಾಸಿ 2023ರಲ್ಲಿ ಅದಕ್ಕೆ ಮರುಜನ್ಮ ಕೊಟ್ಟಿತು. ಡಿನ್‌ನ ಟೆಕ್ಸಸ್ ಜೈಂಟ್‌ಗೆ ಇದೇ ಚಿಕಿತ್ಸೆ 2011ರಲ್ಲೇ ಆಗಿತ್ತು. ವೈಲ್ಡ್‌ಕ್ಯಾಟ್ ಈಗ ತಲೆಕೆಳಗಾಗಿ ಹೊರಳಿದರೂ ಗಾಜಿನ ಮೇಲೆ ಜಾರಿದ ಹಾಗೆ, ಹಲಗೆ ಬದಲಿಸುವ ಗೋಜೂ ಕಡಿಮೆ. ಅದ್ಭುತವೇ ಸರಿ. ಆದರೆ ಮರದ ಗುನುಗು ಅಲ್ಲಿಲ್ಲ, ಅದನ್ನು ಮರದ ಕೋಸ್ಟರ್ ಎನ್ನಲು ನನಗೆ ನಾಲಿಗೆ ಹೊರಳುವುದಿಲ್ಲ.

ನ್ಯೂಜೆರ್ಸಿಯ ಕಡೆ ಇರುವ ಕನ್ನಡಿಗರು, ಅಲ್ಲಿಗೆ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಕೂಡ, ಕಲಿಕೆಯನ್ನು ಎಲ್ ಟೋರೊದಿಂದ ಶುರುಮಾಡಬೇಡಿ. ಪೆನ್ಸಿಲ್ವೇನಿಯಾದ ಕ್ನೋಬೆಲ್ಸ್ ಪಾರ್ಕಿಗೆ ಹೋಗಿ. ಪ್ರವೇಶಕ್ಕೆ ದುಡ್ಡಿಲ್ಲ, ಸವಾರಿಗಷ್ಟೇ ಟಿಕೆಟ್. ಅಲ್ಲಿರುವ ಫೀನಿಕ್ಸ್ 1947ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಹುಟ್ಟಿದ್ದು. ಪಾಳುಬಿದ್ದಿದ್ದ ಅದನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು 1985ರಲ್ಲಿ ಮತ್ತೆ ನಿಲ್ಲಿಸಿದರು. ಉಸ್ತುವಾರಿ ಅದೇ ಚಾರ್ಲ್ಸ್ ಡಿನ್‌ನದು. ಎತ್ತರ 78 ಅಡಿಯಷ್ಟೇ.

ಬೆಳಿಗ್ಗೆ ಒಂದು ಸಲ, ಬೋಗಿಯ ನಡುಸಾಲಿನಲ್ಲಿ ಕೂತುಕೊಳ್ಳಿ. ಗಾಲಿ ಆ ಸೀಟಿನ ನೇರ ಕೆಳಗಿರದ ಕಾರಣ ಕುಲುಕು ಕಡಿಮೆ. ಹೊರಟ ತಕ್ಷಣ ಕತ್ತಲ ಸುರಂಗ, ಆಮೇಲೆ ಸರಪಳಿಯ ಟಕಟಕ ಸದ್ದಿನ ಏರು. ಇಬ್ಬರಿಗೂ ಸೇರಿ ಮಡಿಲ ಮೇಲೆ ಒಂದೇ ಸರಳು, ತೊಡೆಗೂ ಅದಕ್ಕೂ ನಡುವೆ ಜಾಗ. ದಿಬ್ಬದ ನೆತ್ತಿಯಲ್ಲಿ ಮೈ ಸೀಟು ಬಿಟ್ಟು ಮೇಲೇಳುತ್ತದೆ, ಕೆಳಗಿಳಿಯುವ ಮೊದಲೇ ಮುಂದಿನ ದಿಬ್ಬ. ಸಂಜೆಯವರೆಗೆ ಕಾಯ್ದು ಮತ್ತೆ ಹೋಗಿ, ಈ ಸಲ ಕೊನೆಯ ಸಾಲು. ದಿನವಿಡೀ ಓಡಿ ಗಾಲಿಯ ಗ್ರೀಸು ಕಾದಿರುತ್ತದೆ. ಅದೇ ಹಳಿ, ಅದೇ ಗಾಡಿ, ಆದರೆ ಬೆಳಿಗ್ಗೆಗಿಂತ ಚುರುಕು. ಸುರಂಗ ದಾಟಿ ಏರು ಶುರುವಾದಾಗ ಕೈ ಸರಳಿನ ಮೇಲಿಟ್ಟು ಗಮನಿಸಿ, ಮರದ ನಡುಕ ಬೆರಳಿಗೇ ಬರುತ್ತದೆ.