ತಿರುಗಿ ಹೊಡೆಯದ ಪ್ರತಿಮೆಗಳು

ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಕರಾಟೆ ಕಲಿತೆ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಗಾಳಿಗೆ ಗುದ್ದುವುದು, ಗಾಳಿಗೆ ಒದೆಯುವುದು, ಎಣಿಕೆಗೆ ತಕ್ಕಂತೆ ತಿರುಗುವುದು. ಕಾಟಾ ಎಂದು ಕರೆಯುವ ಆ ನಿಗದಿತ ವರಸೆಗಳಲ್ಲಿ ನಾನು ತಕ್ಕಮಟ್ಟಿಗೆ ಚುರುಕಾಗಿದ್ದೆ. ಬೆಲ್ಟಿನ ಬಣ್ಣವೂ ಎರಡು ಸಲ ಬದಲಾಗಿತ್ತು. ಒಂದು ಸಂಜೆ ಮೇಷ್ಟ್ರು ನನ್ನನ್ನೂ ನನಗಿಂತ ಚಿಕ್ಕ ಹುಡುಗನೊಬ್ಬನನ್ನೂ ಎದುರುಬದುರು ನಿಲ್ಲಿಸಿ, "ಹೂಂ, ಶುರು ಮಾಡಿ" ಎಂದರು. ಕಲಿತದ್ದರಲ್ಲಿ ಒಂದೂ ಕೈಗೆ ಬರಲಿಲ್ಲ. ಅವನ ಮುಷ್ಟಿ ಎದೆಗೆ ತಾಕಿದಾಗ ನೋವಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಎದುರಿಗಿರುವವನು ನನ್ನ ಎಣಿಕೆಗೆ ಕಾಯುವುದಿಲ್ಲ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಈಚೆಗೆ ಸಂಶೋಧನೆಯ ಕೆಲಸಕ್ಕೆಂದು ಗದಾಯುದ್ಧದ ಪ್ರಸಂಗವನ್ನು ವ್ಯಾಸಭಾರತದಲ್ಲಿ ಮತ್ತೆ ಓದುವಾಗ ಆ ಸಂಜೆ ನೆನಪಾಯಿತು. ಶಲ್ಯಪರ್ವದಲ್ಲಿ ಸರೋವರದೊಳಗೆ ಅಡಗಿದ್ದ ದುರ್ಯೋಧನನಿಗೆ ಧರ್ಮರಾಯ ಮಾತು ಕೊಟ್ಟುಬಿಡುತ್ತಾನೆ: ನಮ್ಮೈವರಲ್ಲಿ ಯಾರನ್ನಾದರೂ ಆರಿಸಿಕೊ, ಅವನನ್ನು ಗೆದ್ದರೆ ರಾಜ್ಯ ನಿನ್ನದು. ಕೃಷ್ಣ ಸಿಟ್ಟಾಗುತ್ತಾನೆ. ಭೀಮನನ್ನು ಕೊಲ್ಲಲೆಂದೇ ಇವನು ಹದಿಮೂರು ವರ್ಷ ಕಬ್ಬಿಣದ ಪ್ರತಿಮೆಯೊಂದರ ಮೇಲೆ ಗದೆಯ ಅಭ್ಯಾಸ ಮಾಡಿದ್ದಾನೆ ಎಂದು ನೆನಪಿಸುತ್ತಾನೆ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಅಪ್ಪಿ ಪುಡಿಮಾಡುವ ಉಕ್ಕಿನ ಭೀಮ ನಮಗೆಲ್ಲ ಗೊತ್ತು. ಅದು ಬಂದದ್ದು ಮಗನ ಗರಡಿಯಿಂದ ಎಂಬುದನ್ನು ಮಾತ್ರ ಮರೆಯುತ್ತೇವೆ.

ಮಹಾಭಾರತದಲ್ಲಿ ಅಭ್ಯಾಸದ ಇನ್ನೊಂದು ಪ್ರತಿಮೆ ಇದೆ. ಏಕಲವ್ಯ ಮಾಡಿಕೊಂಡ ಮಣ್ಣಿನ ದ್ರೋಣ. ಮೊದಲನೆಯದನ್ನು ದ್ವೇಷದ ಕಥೆಯಾಗಿ ಓದುತ್ತೇವೆ, ಎರಡನೆಯದನ್ನು ಗುರುಭಕ್ತಿಯ ಇಲ್ಲವೇ ಜಾತಿಯ ಅನ್ಯಾಯದ ಕಥೆಯಾಗಿ. ಎರಡೂ ಓದು ಸರಿಯೇ. ಆದರೆ ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರೊಂದು ಪ್ರಶ್ನೆ ಏಳುತ್ತದೆ. ಎದುರಿಗೆ ಜೀವಂತ ಮನುಷ್ಯನಿಲ್ಲದೆ ಕಲಿತ ವಿದ್ಯೆಗೆ ಏನು ಕೊರತೆ?

ಯುದ್ಧಕಲೆಗಳ ಚರಿತ್ರೆ ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದೆ. ಜಪಾನಿನಲ್ಲಿ ಹದಿನೆಂಟನೆಯ ಶತಮಾನದ ಹೊತ್ತಿಗೆ ಕತ್ತಿವರಸೆಯವರು ಬಿದಿರಿನ ಕತ್ತಿ ಮತ್ತು ಎದೆ, ತಲೆ, ಕೈಗಳ ಕವಚವನ್ನು ರೂಪಿಸಿಕೊಂಡರು. ಉದ್ದೇಶ ಸರಳ: ಪೂರ್ತಿ ಬಲದಿಂದ ಹೊಡೆಯಬೇಕು, ಹೊಡೆಸಿಕೊಂಡವನು ನಾಳೆಯೂ ಅಭ್ಯಾಸಕ್ಕೆ ಬರಬೇಕು. 1882ರಲ್ಲಿ ಟೋಕಿಯೊದಲ್ಲಿ ಕೊಡೊಕನ್ ಶಾಲೆ ತೆರೆದ ಜಿಗೊರೊ ಕಾನೊ, ಜೂಡೊವನ್ನು ಎರಡು ಕಾಲಿನ ಮೇಲೆ ನಿಲ್ಲಿಸಿದ. ಒಂದು ಕಾಟಾ, ಇನ್ನೊಂದು ರಂದೊರಿ, ಎಂದರೆ ಇಬ್ಬರ ನಡುವಿನ ಮುಕ್ತ ಸೆಣಸಾಟ. ಪ್ರಾಣಕ್ಕೆ ಕುತ್ತು ತರುವ ಹೊಡೆತಗಳನ್ನು ಅವನು ಕಾಟಾದಲ್ಲಿ ಉಳಿಸಿಕೊಂಡು ರಂದೊರಿಯಿಂದ ಹೊರಗಿಟ್ಟ. ಅಪಾಯ ಕಡಿಮೆಯಾದದ್ದರಿಂದಲೇ ಮನಸ್ಸು ಬಿಚ್ಚಿ, ಪೂರ್ತಿ ಬಲ ಹಾಕಿ ಎತ್ತಿ ಒಗೆಯುವುದು ಸಾಧ್ಯವಾಯಿತು. ಕರಾಟೆಯಲ್ಲಿ ಇದು ತಲೆಮಾರುಗಳ ಜಗಳವೇ ಆಯಿತು. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಬಂದು ಈ ವಿದ್ಯೆಯನ್ನು ತೋರಿಸಿದ ಫುನಕೊಶಿಗೆ ಕಾಟಾವೇ ಜೀವಾಳ, ಪಂದ್ಯಗಳ ಬಗ್ಗೆ ಒಲವಿರಲಿಲ್ಲ. ಅವನ ವಿಶ್ವವಿದ್ಯಾಲಯದ ಶಿಷ್ಯರಿಗೆ ಸೆಣಸಾಟ ಬೇಕಿತ್ತು. ಅವನು ತೀರಿಕೊಂಡ 1957ರಲ್ಲೇ ಜಪಾನ್ ಕರಾಟೆ ಸಂಘದ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು.

ನಮ್ಮ ಗರಡಿಗಳಲ್ಲಿ ಇಂಥ ಜಗಳಕ್ಕೆ ಎಡೆಯೇ ಇಲ್ಲ. ದಂಡ, ಬಸ್ಕಿ, ಗದೆ ತಿರುಗಿಸುವುದು ಎಲ್ಲವೂ ಒಬ್ಬನೇ ಮಾಡುವ ಸಾಧನೆ. ಆದರೆ ಪಟ್ಟು ಕಲಿಯುವುದು ಮಟ್ಟಿಗೆ ಇಳಿದ ಮೇಲೆಯೇ. ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ 'ಜೋಡಿ ಕಟ್ಟುವ' ಪದ್ಧತಿಯಿದೆ. ಸೆಣಸಲಿರುವ ಇಬ್ಬರನ್ನು ಎದುರಾಳಿಗಳು ಎನ್ನುವುದಕ್ಕೆ ಮೊದಲೇ ಜೋಡಿ ಎನ್ನುವುದು ನನಗೆ ಇಷ್ಟ. ಎತ್ತಿನ ಜೋಡಿ, ಗಂಡಹೆಂಡಿರ ಜೋಡಿ ಎನ್ನುವ ಅದೇ ಮಾತು. ಒಬ್ಬನಿಲ್ಲದೆ ಇನ್ನೊಬ್ಬನ ಕುಸ್ತಿಯಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆದಿಪರ್ವಕ್ಕೆ ಹೋಗೋಣ. ಬಾಲಕ ಭೀಮ ಕೌರವರನ್ನು ನೀರಿನಲ್ಲಿ ಮುಳುಗಿಸಿ ಹಿಡಿಯುತ್ತಾನೆ, ಹಣ್ಣು ಕೀಳಲು ಮರ ಹತ್ತಿದವರನ್ನು ಮರ ಅಲುಗಿಸಿ ಕೆಡವುತ್ತಾನೆ. ಇದು ಹಗೆಯಿಂದಲ್ಲ, ಹುಡುಗಾಟದಿಂದ ಎಂದು ವ್ಯಾಸರು ಹೇಳುತ್ತಾರೆ. ಭೀಮನಿಗೆ ಅದು ಆಟ. ಉಸಿರು ಕಟ್ಟಿದವರಿಗೆ ಅಲ್ಲ. ಅಭ್ಯಾಸದ ಸೆಣಸಾಟಕ್ಕೆ ಬೇಕಾದ ಮೊದಲ ಷರತ್ತು ಇಬ್ಬರ ಒಪ್ಪಿಗೆ, ಸಾಕೆಂದಾಗ ಬಿಡುವ ಮಾತು. ಅದಿಲ್ಲದ ಕಡೆ ಬಲ ಪರೀಕ್ಷೆಯಾಗುವುದಿಲ್ಲ, ಹಗೆ ಬೆಳೆಯುತ್ತದೆ. ಮುಂದಿನದು ವಿಷದ ಕಥೆ.

ರಾಜಕುಮಾರರ ವಿದ್ಯಾಪ್ರದರ್ಶನದಲ್ಲಿ ಇದೇ ಇಬ್ಬರು ಗದೆ ಹಿಡಿದು ರಂಗಕ್ಕಿಳಿಯುತ್ತಾರೆ. ನೋಡುವವರು ಎರಡು ಪಕ್ಷವಾಗಿ ಕೂಗತೊಡಗುತ್ತಾರೆ. ಪ್ರದರ್ಶನ ಕಾಳಗವಾಗುವುದು ದ್ರೋಣನಿಗೆ ಕಾಣುತ್ತದೆ. ಅಶ್ವತ್ಥಾಮನನ್ನು ಕಳಿಸಿ ಬಿಡಿಸುತ್ತಾನೆ. ಇಡೀ ಮಹಾಭಾರತದಲ್ಲಿ ಗುರುವಾಗಿ ದ್ರೋಣ ಮಾಡಿದ ಅತ್ಯುತ್ತಮ ಕೆಲಸ ಇದು ಎಂದು ನನಗನಿಸುತ್ತದೆ. ಸೆಣಸಾಟ ಎಲ್ಲಿಯವರೆಗೆ ಪಾಠ, ಎಲ್ಲಿಂದ ಕೊಲೆ ಎಂಬ ಗೆರೆಯನ್ನು ನೋಡುವ ಕಣ್ಣು ಅಲ್ಲಿತ್ತು. ಅದೇ ದಿನ, ಅದೇ ರಂಗದಲ್ಲಿ ಇನ್ನೊಂದು ಗೆರೆಯನ್ನೂ ಎಳೆದರು. ಅರ್ಜುನನಿಗೆ ಜೋಡಿಯಾಗಲು ಬಂದ ಕರ್ಣನನ್ನು ಕೃಪ ಕುಲ ಕೇಳುತ್ತಾನೆ. ಯಾರ ಎದುರು ಯಾರು ನಿಲ್ಲಬಹುದು ಎನ್ನುವುದನ್ನು ತೋಳಿನ ಬಲ ತೀರ್ಮಾನಿಸುವುದಿಲ್ಲ.

ಏಕಲವ್ಯನಿಗೆ ನಿರಾಕರಿಸಿದ್ದು ಇದನ್ನೇ. ದ್ರೋಣನ ಮಾತು ಅವನಿಗೆ ಸಿಗಲಿಲ್ಲ ಎಂದು ನಾವು ಮರುಗುತ್ತೇವೆ. ಅರ್ಜುನ, ಅಶ್ವತ್ಥಾಮರ ಪಕ್ಕದಲ್ಲಿ ನಿಂತು ಗುರಿ ತಪ್ಪುವ, ನಗುವ, ಜಗಳವಾಡುವ ಅವಕಾಶವೂ ಸಿಗಲಿಲ್ಲ ಎಂದು ಮರುಗುವುದಿಲ್ಲ. ಇಲ್ಲಿ ಒಂದು ಆಕ್ಷೇಪ ಬರಬಹುದು. ಬೊಗಳುವ ನಾಯಿಯ ಬಾಯಿಗೆ ಏಳು ಬಾಣ ತುಂಬುವಷ್ಟು ಅವನು ಕಲಿತನಲ್ಲ, ಮಣ್ಣಿನ ಗುರುವೇ ಸಾಕಾಯಿತಲ್ಲ? ಬಿಲ್ಲುವಿದ್ಯೆಗೆ ಸಾಕಾಯಿತು, ನಿಜ. ಗುರಿ ತಿರುಗಿ ಬಾಣ ಬಿಡುವುದಿಲ್ಲ. ಆದರೆ ಆ ಪ್ರತಿಮೆ ಅವನನ್ನು ಎಂದೂ ಏನೂ ಕೇಳಿರಲಿಲ್ಲ. ಒಂದು ದಿನ ಅದಕ್ಕೆ ಜೀವ ಬಂದಂತೆ ದ್ರೋಣ ಎದುರು ನಿಂತು ಹೆಬ್ಬೆರಳು ಕೇಳಿದಾಗ, ಆ ಹೊಡೆತಕ್ಕೆ ಕೈ ಅಡ್ಡ ಹಿಡಿಯುವ ಅಭ್ಯಾಸ ಅವನಿಗೆ ಇರಲಿಲ್ಲ. ಗುರುವಿನ ಮನೆಯಲ್ಲಿ ಬೆಳೆದ ಹುಡುಗರಿಗೆ ದ್ರೋಣನ ಪಕ್ಷಪಾತ, ಭಯ, ಆಸೆ ಎಲ್ಲ ಗೊತ್ತಿತ್ತು. ಇದು ಏಕಲವ್ಯನ ತಪ್ಪಲ್ಲ, ಅವನನ್ನು ಹೊರಗಿಟ್ಟ ಗರಡಿಯ ತಪ್ಪು. 'ಬೆರಳ್‌ಗೆ ಕೊರಳ್' ಬರೆದ ಕುವೆಂಪು ಸೇರಿದಂತೆ ಕನ್ನಡದ ಮನಸ್ಸು ಈ ಬೆರಳಿಗೆ ಮತ್ತೆ ಮತ್ತೆ ಮರಳಿದೆ. ಬೆರಳಿಗಿಂತ ಮೊದಲು ಕಿತ್ತುಕೊಂಡದ್ದು ಜೊತೆಗಾರರನ್ನು ಎಂದು ಸೇರಿಸಲು ನನಗೆ ಆಸೆ.

ದುರ್ಯೋಧನನದು ಉಲ್ಟಾ ಸ್ಥಿತಿ. ಅವನಿಗೆ ಬಲರಾಮನಂಥ ಗುರು, ತೊಂಬತ್ತೊಂಬತ್ತು ತಮ್ಮಂದಿರು, ಬೇಕಾದಷ್ಟು ಜಟ್ಟಿಗಳು. ಆದರೂ ಅವನು ಆರಿಸಿಕೊಂಡದ್ದು ಕಬ್ಬಿಣವನ್ನು. ಅಭ್ಯಾಸ ವ್ಯರ್ಥವಾಯಿತು ಎನ್ನುವಂತಿಲ್ಲ. ಭೀಮ ಬಲದಲ್ಲಿ ಮೇಲು, ಕೌಶಲದಲ್ಲಿ ದುರ್ಯೋಧನ ಮೇಲು ಎಂದು ಕೃಷ್ಣನೇ ಒಪ್ಪುತ್ತಾನೆ. ಆದರೆ ಪ್ರತಿಮೆಗೆ ನೆನಪಿಲ್ಲ. ನಿನ್ನ ತೊಡೆ ಮುರಿಯುತ್ತೇನೆ ಎಂದು ಭೀಮ ತುಂಬಿದ ಸಭೆಯಲ್ಲಿ ಕೂಗಿ ಹೇಳಿದ್ದ. ಹೊಡೆತ ಎಲ್ಲಿಗೆ ಬೀಳಲಿದೆ ಎಂದು ಹದಿಮೂರು ವರ್ಷ ಮೊದಲೇ ತಿಳಿದಿದ್ದ ಯೋಧ ಲೋಕದಲ್ಲಿ ಇನ್ನೊಬ್ಬನಿರಲಾರ. ಕೊನೆಯಲ್ಲಿ ಅವನು ಭೀಮನ ಗದೆಯನ್ನು ತಪ್ಪಿಸಿಕೊಳ್ಳಲು ಮೇಲಕ್ಕೆ ನೆಗೆಯುತ್ತಾನೆ, ತೊಡೆಗಳು ಬಯಲಾಗುತ್ತವೆ. ಜೀವಂತ ಜೊತೆಗಾರನೊಬ್ಬ ಇದ್ದಿದ್ದರೆ ಆ ನೆಗೆತಕ್ಕೆ ಹತ್ತಾರು ಸಲ ಪೆಟ್ಟು ಕೊಟ್ಟು, "ಮಹಾರಾಜ, ಇಲ್ಲಿ ತೆರೆದುಕೊಳ್ಳುತ್ತೀರಿ" ಎಂದು ತೋರಿಸುತ್ತಿದ್ದ.

ನಾಭಿಯ ಕೆಳಗೆ ಹೊಡೆಯುವುದು ಗದಾಯುದ್ಧದ ನಿಯಮಕ್ಕೆ ವಿರುದ್ಧ, ಅದಕ್ಕೆ ಯಾರೂ ಅಭ್ಯಾಸ ಮಾಡುವುದಿಲ್ಲ ಎನ್ನಬಹುದು. ಬಲರಾಮನ ಸಿಟ್ಟು ಅದೇ. ಈ ಮಾತಿನಲ್ಲಿ ಸತ್ಯವಿದೆ. ಕಾನೊನ ರಂದೊರಿಯಲ್ಲಿ ಗುದ್ದುವಂತಿಲ್ಲ, ಕುಸ್ತಿಯಲ್ಲಿ ಕಣ್ಣಿಗೆ ಕೈ ಹಾಕುವಂತಿಲ್ಲ. ಯಾವ ಅಭ್ಯಾಸವೂ ಪೂರ್ತಿ ಯುದ್ಧವಲ್ಲ. ಏನನ್ನಾದರೂ ಹೊರಗಿಡದಿದ್ದರೆ ಅಭ್ಯಾಸವೇ ನಡೆಯದು. ಹಾಗಾಗಿ ಸೆಣಸಾಟ ಕಲಿತವನು ಎಲ್ಲಕ್ಕೂ ಸಿದ್ಧ ಎಂಬುದು ನನ್ನ ವಾದವಲ್ಲ. ಎದುರಿಗಿರುವವನಿಗೂ ಒಂದು ಮನಸ್ಸಿದೆ, ಅದು ನನ್ನ ಲೆಕ್ಕಕ್ಕೆ ಸಿಗದು ಎಂಬ ತಿಳಿವಳಿಕೆ ಮೈಗೆ ಹತ್ತುವುದು ಅಲ್ಲಿ ಮಾತ್ರ. ದುರ್ಯೋಧನ ಭೀಮನನ್ನು ಕಬ್ಬಿಣ ಮಾಡಿಕೊಂಡಾಗಲೇ ಅವನ ಪ್ರತಿಜ್ಞೆಯನ್ನೂ ದ್ರೌಪದಿಯ ಬಿಚ್ಚಿದ ಮುಡಿಯನ್ನೂ ಲೆಕ್ಕದಿಂದ ಬಿಟ್ಟಿದ್ದ.

ಇದನ್ನು ಬರೆಯುತ್ತಿರುವ ನಾನೂ ಪ್ರತಿಮೆಗಳ ನಡುವೆಯೇ ಇದ್ದೇನೆ. ನಮ್ಮ ವಿಚಾರಸಂಕಿರಣಗಳಲ್ಲಿ ಪ್ರಬಂಧ ಓದುತ್ತೇವೆ, ಚಪ್ಪಾಳೆ ಬೀಳುತ್ತದೆ, ಸಮಯವಾಯಿತೆಂದು ಚರ್ಚೆಯನ್ನು ಕೈಬಿಟ್ಟು ಊಟಕ್ಕೆ ಏಳುತ್ತೇವೆ. ಗೆಳೆಯರ ಬರಹವನ್ನು ಹೊಗಳುವುದು ಮರ್ಯಾದೆ, ಪ್ರಶ್ನಿಸುವುದು ಹಗೆ ಎಂದಾಗಿದೆ. ಐದಾರು ವರ್ಷದ ಕೆಲಸಕ್ಕೆ ಮೊದಲ ಗಟ್ಟಿ ಪ್ರಶ್ನೆ ಎದುರಾಗುವುದು ಮೌಖಿಕ ಪರೀಕ್ಷೆಯ ದಿನ. ಹೋದ ತಿಂಗಳು ಈ ಲೇಖನದ ಮೊದಲ ಕರಡನ್ನು ಗೆಳತಿಯೊಬ್ಬಳಿಗೆ ಕೊಟ್ಟೆ. "ಏಕಲವ್ಯ ಕಲಿತೇಬಿಟ್ಟನಲ್ಲ, ನಿನ್ನ ವಾದ ಅಲ್ಲಿಗೇ ಬಿತ್ತು" ಎಂದಳು. ಮೇಲಿನ ಆಕ್ಷೇಪ ಅವಳದು.

ಅಂದು ನನ್ನ ಎದೆಗೆ ಗುದ್ದಿದ ಹುಡುಗ ಕೂಡಲೇ ಕೈ ಇಳಿಸಿ ಹತ್ತಿರ ಬಂದಿದ್ದ. ನನ್ನ ಎಡಗೈ ಹಿಡಿದು ನಾಲ್ಕು ಬೆರಳು ಮೇಲಕ್ಕೆತ್ತಿ, "ಇಲ್ಲಿಡು" ಎಂದ. ಎರಡು ವರ್ಷದ ಕರಾಟೆಯಲ್ಲಿ ನನ್ನ ಮೈಗೆ ಇಂದಿಗೂ ನೆನಪಿರುವ ಪಾಠ ಅದೊಂದೇ.