ಧ್ವನಿಮುದ್ರಿಕೆಗಳ ಪಾಠಶುದ್ಧಿ

ಬೆಳಗಾವಿಯ ಕ್ಯಾಂಪ್ ಪ್ರದೇಶವು ದಂಡಿನ ನೆಲೆ. ಕನ್ನಡ, ಮರಾಠಿ, ಕೊಂಕಣಿ, ಉರ್ದು, ಆಂಗ್ಲ ಭಾಷೆಗಳನ್ನಾಡುವವರು ನೆರೆಹೊರೆಯಾಗಿ ಬಾಳಿದ ಸ್ಥಳ. ಇಂಥಲ್ಲಿ ಉಳಿದುಬಂದ ಗ್ರಾಮೋಫೋನ್ ಪ್ಲೇಟುಗಳ ಸಂಗ್ರಹಗಳೂ ಮಿಶ್ರಸ್ವರೂಪದವಾಗಿರುವುದು ಸಹಜ. ಅವುಗಳನ್ನು ಡಿಜಿಟಲ್ ರೂಪಕ್ಕೆ ತರುವ ಉತ್ಸಾಹವು ಈಗ ನಾಡಿನೆಲ್ಲೆಡೆಯೂ ಕಾಣುತ್ತಿದೆ. ಉತ್ಸಾಹವು ಸ್ತುತ್ಯವೇ, ಆದರೆ ಕ್ರಮವು ವಿಚಾರಣೀಯ. ಓಲೆಗರಿಯ ಪ್ರತಿಯೊಂದನ್ನು ಅಚ್ಚಿಗೆ ಸಿದ್ಧಪಡಿಸುವವನಿಗೆ ಇರತಕ್ಕ ಎಚ್ಚರವು ಪ್ಲೇಟಿನಿಂದ ನಾದವನ್ನೆತ್ತುವವನಿಗೂ ಇರಬೇಕೆಂಬುದೇ ನಮ್ಮ ವಾದ.

ಈ ಪ್ರಾಂತಕ್ಕೆ ಈ ವಿಷಯದಲ್ಲಿ ವಿಶೇಷವಾದ ಹಕ್ಕುಂಟು. 1924ನೆಯ ಏಪ್ರಿಲ್ 8ರಂದು ಬೆಳಗಾವಿಗೆ ಸಮೀಪದ ಸುಳೇಭಾವಿಯಲ್ಲಿ ಜನಿಸಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಳಿ, ಎಂದರೆ ಕುಮಾರ ಗಂಧರ್ವರು, ಬಾಲ್ಯದಲ್ಲಿ ಪ್ರಸಿದ್ಧ ಗಾಯಕರ ಪ್ಲೇಟುಗಳನ್ನು ಕೇಳಿ ಯಥಾವತ್ತಾಗಿ ಹಾಡಿ ತೋರಿಸುತ್ತಿದ್ದರೆಂಬುದು ಸುಪ್ರಸಿದ್ಧ. ಮುಂಬಯಿಯ ದೇವಧರರಲ್ಲಿ ಶಿಷ್ಯರಾಗುವ ಮೊದಲೇ ಆ ಬಾಲಕನಿಗೆ ಮೂರು ನಿಮಿಷದ ಪ್ಲೇಟು ಪಾಠಪುಸ್ತಕವಾಗಿದ್ದಿತು. ಇಂದಿನ ವಿದ್ಯಾರ್ಥಿಗೂ ಅದೇ ಗ್ರಂಥವು ದೊರೆಯಬೇಕಷ್ಟೆ. ದೊರೆಯುತ್ತಿರುವುದು ಬಹುಮಟ್ಟಿಗೆ ಅದರ ಸಂಗ್ರಹಾನುವಾದ.

ಕಾರಣವಿಷ್ಟು. ಸಿ.ಡಿ.ಯ ಮಾನದಲ್ಲಿ ನಾದವನ್ನು ಸೆಕೆಂಡಿಗೆ 44,100 ಸಲ, 16 ಬಿಟ್ಟುಗಳ ಸೂಕ್ಷ್ಮತೆಯಲ್ಲಿ ಅಳೆದಿಡಲಾಗುತ್ತದೆ; ಎರಡು ಪಾತಳಿಗಳಿಗೆ ಸೆಕೆಂಡಿಗೆ 1,411 ಕಿಲೋಬಿಟ್ಟುಗಳಾಗುತ್ತವೆ. ರೂಢಿಯಲ್ಲಿರುವ 128 ಕಿಲೋಬಿಟ್ಟಿನ ಎಂ.ಪಿ.3 ಅದರಲ್ಲಿ ಹನ್ನೊಂದನೆಯ ಒಂದು ಪಾಲನ್ನು ಮಾತ್ರ ಉಳಿಸಿಕೊಳ್ಳುತ್ತದೆ. ದೊಡ್ಡ ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದು ಸಾಮಾನ್ಯ ಕಿವಿಗೆ ಕೇಳಿಸದೆಂಬ ತತ್ತ್ವದ ಮೇಲೆ ಈ ತ್ಯಾಗವು ನಡೆಯುತ್ತದೆ. ಹಳೆಯ ಪ್ಲೇಟಿನಲ್ಲಾದರೋ ಸದಾ ಗೊರಗೊರ ಸದ್ದುಂಟು. ಯಂತ್ರಕ್ಕೆ ಗೊರಗೊರವೂ ಒಂದೇ, ಗಾನವೂ ಒಂದೇ. ಇರುವ ಅಲ್ಪ ಬಿಟ್ಟುಗಳಲ್ಲಿ ಬಹುಪಾಲನ್ನು ಅದು ಸದ್ದಿಗೇ ವ್ಯಯಮಾಡಿ, ತಂಬೂರಿಯ ಝೇಂಕಾರವನ್ನು ಕದಡಿಬಿಡುತ್ತದೆ. ಅಂಥ ಪ್ರತಿಯನ್ನು ತಿದ್ದಿ ಮತ್ತೆ ಎಂ.ಪಿ.3 ಮಾಡಿದರೆ ಪ್ರಮಾದವು ಇಮ್ಮಡಿಸುತ್ತದೆ. ಲಿಪಿಕಾರರ ಸ್ಖಾಲಿತ್ಯಗಳ ಪರಂಪರೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2001ರಲ್ಲಿ ಬಳಕೆಗೆ ಬಂದ ಫ್ಲ್ಯಾಕ್ ಮಾತ್ರ ಒಂದು ಬಿಟ್ಟನ್ನೂ ಬಿಡದೆ ಅಡಕಮಾಡಿ, ಬೇಕಾದಾಗ ಯಥಾಸ್ಥಿತಿಯಲ್ಲಿ ಮರಳಿಸುತ್ತದೆ. ಎಂ.ಪಿ.3 ಕೇಳುವ ಪ್ರತಿಯಾಗಿರಲಿ. ಮಾತೃಕೆಯಾಗಲು ಅದಕ್ಕೆ ಅರ್ಹತೆಯಿಲ್ಲ.

ಹಾಗೆಂದು ಅಂಕಿಗಳ ಆಡಂಬರವೂ ಸಲ್ಲದು. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಗಾರಗಳ ಸಂಘವು ತನ್ನ ನಿಬಂಧನೆಯಲ್ಲಿ ಕನಿಷ್ಠಪಕ್ಷ 48,000, ಯೋಗ್ಯವಾದದ್ದು 96,000 ಮಾಪನಗಳು, 24 ಬಿಟ್ಟುಗಳು ಎಂದು ವಿಧಿಸಿದೆ. ಹಳೆಯ ಪ್ಲೇಟಿನ ಗಾನದಲ್ಲಿ ಎಂಟು ಸಾವಿರ ಕಂಪನಗಳಾಚೆಗೆ ಹೇಳಿಕೊಳ್ಳತಕ್ಕದ್ದು ವಿರಳ, ಮತ್ತೇಕೆ ಇಷ್ಟು? ಗೀರುಗಳ ಚಟಚಟ ಸದ್ದಿನ ಅಂಚು ಬಹು ತೀಕ್ಷ್ಣ. ಆ ಅಂಚು ಸ್ಪಷ್ಟವಾಗಿ ದಾಖಲಾದರೆ ಮುಂದೆ ಗೀರನ್ನು ಗಾನದಿಂದ ಬೇರ್ಪಡಿಸುವುದು ಸುಲಭ. ಒಂದೇ ಪಾತಳಿಯ ಪ್ಲೇಟನ್ನೂ ಎರಡು ಪಾತಳಿಗಳಲ್ಲಿ ಎತ್ತಬೇಕು. ಸುರುಳಿಗೆರೆಯ ಎರಡು ಗೋಡೆಗಳಲ್ಲಿ ಒಂದು ಸವೆದಿದ್ದರೆ ಇನ್ನೊಂದು ಅನುಕೂಲಿಸೀತು. ಇಷ್ಟಾದರೂ ಒಂದು ಮಗ್ಗುಲಿಗೆ ಸುಮಾರು ನೂರು ಮೆಗಾಬೈಟಷ್ಟೆ. ಇದರ ಮೇಲೆ 192 ಸಾವಿರವೆಂದು ಹೆಮ್ಮೆಪಡುವವರು, ತಮ್ಮ ಪ್ಲೇಟು ನಡುತೂತಿನಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ನೋಡಿದ್ದಾರೆಯೇ?

ನಿಜವಾದ ಹಾನಿ ಅಲ್ಲಿದೆ. ಮೀರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಮ್ ಖಾನರು, ಶ್ರುತಿಗಳನ್ನು ಅಳೆಯಲು ಹೊರಟ ಸಾಂಗ್ಲಿಯ ಕೃಷ್ಣಾಜಿ ಬಲ್ಲಾಳ ದೇವಲರಿಗೆ ತಮ್ಮ ಕಂಠದಿಂದ ನೆರವಾದವರು. ಅವರ ಮುದ್ರಿಕೆಗಳಲ್ಲಿ ಶ್ರುತಿಯನ್ನು ಹುಡುಕುವ ಆಸೆ ಯಾವ ಸಂಶೋಧಕನಿಗಿಲ್ಲ? ಸಪ್ತಕವನ್ನು 1,200 ಸೆಂಟುಗಳಾಗಿ ವಿಭಾಗಿಸಿದರೆ ಪ್ರಮಾಣಶ್ರುತಿಯು ಸುಮಾರು 22 ಸೆಂಟು. ಪ್ಲೇಟಿನ ತೂತು ಕೇಂದ್ರದಿಂದ ಅರ್ಧ ಮಿಲಿಮೀಟರು ಸರಿದಿದ್ದರೆ, ಒಳಸುತ್ತುಗಳಲ್ಲಿ, ಎಂದರೆ ಕೇಂದ್ರದಿಂದ 50 ಮಿಲಿಮೀಟರಿನಲ್ಲಿ, ಸ್ವರವು ಮೇಲಕ್ಕೆ 17, ಕೆಳಕ್ಕೆ 17 ಸೆಂಟು ತೂಗುತ್ತದೆ. ಒಟ್ಟು ಓಲಾಟವು ಒಂದೂವರೆ ಪ್ರಮಾಣಶ್ರುತಿ! ಗಾಯಕನ ಆಂದೋಲನವಾವುದು, ಪ್ಲೇಟಿನ ಓಲಾಟವಾವುದು ಎಂದು ಆಮೇಲೆ ನಿರ್ಣಯಿಸುವುದು ದುಸ್ಸಾಧ್ಯ. ಇದಕ್ಕೆ ಫ್ಲ್ಯಾಕ್ ಔಷಧವಲ್ಲ. ಸೂಜಿಯಿಡುವ ಮೊದಲು ಪ್ಲೇಟನ್ನು ಕೇಂದ್ರಕ್ಕೆ ಸರಿಸುವುದೊಂದೇ ಮಾರ್ಗ.

ವೇಗದ ಪ್ರಶ್ನೆಯೂ ಇದಕ್ಕೆ ಸೇರಿದ್ದು. ಎಲ್ಲ ಪ್ಲೇಟುಗಳನ್ನೂ ನಿಮಿಷಕ್ಕೆ 78 ಸುತ್ತಿನವೆಂದು ಕರೆಯುವುದು ರೂಢಿ. ಆದರೆ 1925ರ ವಿದ್ಯುನ್ಮುದ್ರಣಕ್ಕೆ ಮುಂಚಿನ ಪ್ಲೇಟುಗಳಲ್ಲಿ ವೇಗವು ಏಕರೂಪವಾಗಿರಲಿಲ್ಲ. 76ರಲ್ಲಿ ಮುದ್ರಿತವಾದದ್ದನ್ನು 78ರಲ್ಲಿ ತಿರುಗಿಸಿದರೆ ಆಧಾರಷಡ್ಜವು 45 ಸೆಂಟು ಏರುತ್ತದೆ. ಸ್ವರಾಂತರಗಳು ಕೆಡವು, ನಿಜ. ಆದರೆ ಕಂಠದ ಬಣ್ಣವೂ ಲಯವೂ ಬದಲಾಗುತ್ತವೆ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟುಗಳ ತೆಳುವಾದ ಎತ್ತರದ ಕಂಠಕ್ಕೂ, ಗಂಟಲಿನ ಚಿಕಿತ್ಸೆಯ ತರುವಾಯದ ಗಂಭೀರ ಕಂಠಕ್ಕೂ ಇರುವ ಅಂತರವನ್ನು ಕುರಿತು ಬರೆಯುವವರು, ತಾವು ಕೇಳುತ್ತಿರುವ ಪ್ರತಿಯ ವೇಗವನ್ನು ಮೊದಲು ವಿಚಾರಿಸಿಕೊಳ್ಳುವುದು ಕ್ಷೇಮ. ಕಡತದೊಡನೆ ವೇಗ, ಸೂಜಿಯ ಅಳತೆ, ಮುದ್ರಣಸಂಖ್ಯೆ, ನಡುಚೀಟಿಯ ಛಾಯಾಚಿತ್ರ ಇವಿಷ್ಟಾದರೂ ಇಲ್ಲದಿದ್ದರೆ ಅದು ಪುಷ್ಪಿಕೆ ಹರಿದುಹೋದ ಓಲೆಕಟ್ಟು.

ಪುಷ್ಪಿಕೆಯೆಂದೊಡನೆ ನೆನಪಾಗುವುದು: ಅತಿ ಹಳೆಯ ಪ್ಲೇಟುಗಳಲ್ಲಿ ಗೌಹರ್ ಜಾನ್ ಮೊದಲಾದವರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನ ಕಾರ್ಖಾನೆಯವರಿಗೆ ಗಾಯಕರ ಗುರುತು ಸಿಗಲೆಂದು ಈ ಏರ್ಪಾಡು. ಸಂಗೀತವಲ್ಲವೆಂದು ಇದನ್ನು ಕತ್ತರಿಸಿ, ಗೊರಗೊರವನ್ನೂ ಅದರೊಡನೆ ಉಸಿರಿನ ಸದ್ದನ್ನೂ ಒರೆಸಿ, ‘ಶುದ್ಧಪ್ರತಿ’ಯೆಂದು ಹಂಚುವವರಿದ್ದಾರೆ. ಪಾಠಾಂತರಗಳನ್ನು ಸೂಚಿಸದೆ ಕವಿಯನ್ನು ತಿದ್ದುವ ಸಂಪಾದಕನನ್ನು ನಾವು ಕ್ಷಮಿಸುವುದಿಲ್ಲ, ಇವರನ್ನೇಕೆ ಕ್ಷಮಿಸಬೇಕು? ತಿದ್ದುವುದಾದರೆ ತಿದ್ದದ ಮಾತೃಕೆಯನ್ನು ಬೇರೆಯಾಗಿ ಉಳಿಸಿ ತಿದ್ದಲಿ.

ಡಿಜಿಟಲ್ ಆಯಿತೆಂದು ಪ್ಲೇಟುಗಳನ್ನು ಹಳೆಯ ಸಾಮಾನಿನವನಿಗೆ ಕೊಡುವುದು ಅತ್ಯಂತ ಅವಿವೇಕ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಕಾರ್ಲ್ ಹೇಬರ್ ಮತ್ತು ಸಂಗಡಿಗರು ಸೂಜಿ ತಾಕಿಸದೆ ಬೆಳಕಿನಿಂದಲೇ ಗೆರೆಗಳನ್ನೋದುವ ವಿಧಾನವನ್ನು ರೂಪಿಸಿದ್ದಾರೆ. ಒಡೆದ ಪ್ಲೇಟಿಗೂ ಅದರಿಂದ ಆಶೆಯುಂಟು. ಖಾನಾಪುರದ ಘಟ್ಟದ ಕಡೆಯ ಮಳೆಗಾಲದಲ್ಲಿ ಕಾಗದದ ಲಕೋಟೆಗಳಿಗೆ ಬೂಷ್ಟು ಹಿಡಿಯದಂತೆ ನೋಡಿಕೊಂಡು, ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿಡಬೇಕು. ತೊಳೆಯುವಾಗ ಸ್ಪಿರಿಟ್ಟನ್ನು ಮಾತ್ರ ಮುಟ್ಟಿಸಬಾರದು. ಪ್ಲೇಟಿನ ಅರಗು ಅದರಲ್ಲಿ ಕರಗುತ್ತದೆ.